ಬೆಲ್ಟ್ ಬದಲಾಯಿಸಿದ ಭಾನುವಾರ

ಬೆಂಗಳೂರಿನ ಆಸ್ಪತ್ರೆಯಿಂದ ವಾಪಸ್ ಬರುವಾಗ ದೇವನಹಳ್ಳಿ ದಾಟುವವರೆಗೂ ನನ್ನ ಗಂಡ ಒಂದು ಮಾತೂ ಆಡಲಿಲ್ಲ. ಕಾರನ್ನು ಅವರೇ ಓಡಿಸುತ್ತಿದ್ದರು. ನಾನು ಓಡಿಸುತ್ತೇನೆ ಎಂದಿದ್ದಕ್ಕೆ ಬೇಡ ಎಂದು ತಲೆಯಾಡಿಸಿದ್ದರು. ಬಲಗೈಯಲ್ಲಿ ಹಿಡಿತ ಇರಲಿಲ್ಲ. ಎಡಗೈ ಗೇರ್ ಕಡೆ ಹೋದಾಗಲೆಲ್ಲ ಬಲಗೈಯನ್ನು ಸ್ಟೇರಿಂಗ್ ಮೇಲೆ ಸುಮ್ಮನೆ ಒರಗಿಸುತ್ತಿದ್ದರು. ಎಡಗೈ ಮರಳಿ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು.

ವಿಜಯಪುರದ ರಸ್ತೆಗೆ ತಿರುಗಿ ದ್ರಾಕ್ಷಿ ತೋಟಗಳು ಶುರುವಾದ ಮೇಲೆ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಈಗ ಅಳುತ್ತಾರೆ ಅಂದುಕೊಂಡೆ. ಅತ್ತರೆ ಹಿಡಿದುಕೊಳ್ಳೋಣ ಎಂದು ಸೀಟಿನಲ್ಲಿ ಅವರ ಕಡೆ ತಿರುಗಿದೆ.

"ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು ಕಣೇ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ಮಾತಾಡ್ತಿದೀರ? ಡಾಕ್ಟ್ರು ಏನ್ ಹೇಳಿದ್ರು, ನೀವೇನ್ ಹೇಳ್ತಿದೀರ?"

"ಡಾಕ್ಟ್ರು ಹೇಳಿದ್ದು ಕೇಳಿಸ್ತು. ಅದಕ್ಕೇ ಹೇಳ್ತಿರೋದು. ಇನ್ಮೇಲೆ ಆಸ್ಪತ್ರೆಗೆ ಓಡಾಡೋದು ಜಾಸ್ತಿ ಆಗುತ್ತೆ. ಓಡ್ಸೋಳು ನೀನೇ. ದಾರೀಲಿ ಆ ಬೆಲ್ಟ್ ಕಿತ್ಕೊಂಡ್ರೆ ಇಂಜಿನ್ನೇ ಹೋಯ್ತು. ನನ್ನನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ನೀನೊಬ್ಳೇ ರಸ್ತೇಲಿ ಏನ್ ಮಾಡ್ತೀಯ?"

ಅತ್ತಿದ್ದು ನಾನು. ಅವರು ಎಡಗೈಯಿಂದ ನನ್ನ ಬೆನ್ನು ಸವರಿ, ಗಾಡಿ ತೆಗೆದರು.

ನನ್ನ ಗಂಡ ಚಿಂತಾಮಣಿಯ ಒಂದು ಐಟಿಐನಲ್ಲಿ ಫಿಟ್ಟರ್ ಪಾಠ ಹೇಳುತ್ತಿದ್ದರು. ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಮ್ಮ ಮನೆ ಮೇಲೂರಿನಲ್ಲಿ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ, ಅಂದರೆ ಅವರ ತಾಯಿ. ನಮಗೆ ಮಕ್ಕಳಾಗಲಿಲ್ಲ. ಅತ್ತೆ ಅದನ್ನು ಯಾವತ್ತೂ ಎತ್ತಿ ಆಡಿದವರಲ್ಲ. ಮನೆಯ ಹಿಂದಿನ ಹಿಪ್ಪುನೇರಳೆ ತೋಟ, ಪಕ್ಕದ ಹುಳುಮನೆ, ಅದರಲ್ಲಿ ಸೊಪ್ಪು ತಿನ್ನುವ ರೇಷ್ಮೆ ಹುಳು, ಇವುಗಳ ಮಧ್ಯೆ ಅವರ ದಿನ ಹೋಗುತ್ತಿತ್ತು.

ಕಾಯಿಲೆ ಶುರುವಾಗಿದ್ದು ಬೆರಳಿನಿಂದ. ಕರಿಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಜಾರುತ್ತದೆ ಎಂದರು. ಆಮೇಲೆ ಅಂಗಿಯ ಗುಂಡಿ. ಆಮೇಲೆ ಒಂದು ದಿನ ನೀರಿನ ಮೋಟರಿನ ನಟ್ಟು ಬಿಗಿಯಲು ಹೋಗಿ, ಬಹಳ ಹೊತ್ತು ಅಲ್ಲೇ ಕೂತಿದ್ದು, ಎದ್ದು ಬಂದು ಕೈ ತೊಳೆದುಕೊಂಡರು. ಹೆಬ್ಬೆರಳ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿ ಬಿದ್ದಿತ್ತು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಅವು ಸತ್ತಂತೆ ಮೈಯ ಮಾಂಸಖಂಡಗಳು ಕೆಲಸ ನಿಲ್ಲಿಸುತ್ತವೆ, ಇದಕ್ಕೆ ಔಷಧಿಯಿಲ್ಲ ಎಂದು ಡಾಕ್ಟರು ಹೇಳಿದರು. ಕೈಯಲ್ಲಿ ಶುರುವಾಗಿದೆ, ಮುಂದೆ ಎಲ್ಲಿಗೆ, ಎಷ್ಟು ಬೇಗ ಹೋಗುತ್ತದೆ ಹೇಳಲಾಗದು ಎಂದರು. ಹೇಳುವಾಗ ಆಕೆ ನಮ್ಮಿಬ್ಬರ ಮುಖವನ್ನೂ ನೋಡಿದರು. ಕಣ್ಣು ತಪ್ಪಿಸಲಿಲ್ಲ. ಅದಕ್ಕಾಗಿ ಆಕೆಯನ್ನು ಈಗಲೂ ನೆನೆಯುತ್ತೇನೆ.

ಅತ್ತೆಗೆ ನಿಜ ಹೇಳಲಿಲ್ಲ. ನರದ ಬಾಧೆ, ಮಾತ್ರೆ ನುಂಗಿದರೆ ಹೋಗುತ್ತದೆ ಎಂದೆವು.

ಬೆಲ್ಟನ್ನು ಗ್ಯಾರೇಜಿನಲ್ಲಿ ಹಾಕಿಸೋಣ ಎಂದೆ ನಾನು. ಶಿಡ್ಲಘಟ್ಟದಲ್ಲಿ ಗ್ಯಾರೇಜುಗಳಿಗೇನು ಬರವೇ?

"ಹಾಕ್ಸಬಹುದು," ಎಂದರು. "ಆದ್ರೆ ಇದುವರ್ಗೂ ಈ ಕಾರಿನ ಇಂಜಿನ್ ಮುಟ್ಟಿರೋದು ನಾನೊಬ್ನೇ. ಇದೊಂದ್ಸಲ ನಾವೇ ಮಾಡಣ. ತಲೆ ನಂದು, ಕೈ ನಿಂದು."

"ನಂಗೆ ಸ್ಟವ್ ಬರ್ನರ್ ಬಿಚ್ಚಕ್ಕೆ ಬರಲ್ಲ, ಇಂಜಿನ್ ಬಿಚ್ತೀನಾ?"

"ಬಿಚ್ತೀಯ. ನಾನಿಲ್ವ?"

ನಾನು ಸರಿ, ಮಾಡೋಣ ಎಂದೆ. ಬೆಲ್ಟಿನ ಚಿಂತೆಯಿಂದ ಒಪ್ಪಿದ್ದಲ್ಲ. ಕಾಯಿಲೆಯ ಹೆಸರು ಗೊತ್ತಾದ ಮೇಲೆ ಅವರು ಒಂದು ಕೆಲಸವನ್ನು ಮಾಡಣ ಎಂದಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಅತ್ತೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋದ ಮೇಲೆ ಶುರುಮಾಡಿದೆವು. ಹುಳುಮನೆಯ ಗೋಡೆಗೆ ಒರಗಿಸಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಆಚೆ ಸರಿಸಿ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಾನೆಟ್ಟಿನ ಪಕ್ಕ ಕೂತರು. ಅವರ ಹಳೆಯ ಅಂಗಿಯನ್ನು ನನ್ನ ಚೂಡಿದಾರದ ಮೇಲೆ ಹಾಕಿಕೊಂಡಿದ್ದೆ. ನನ್ನನ್ನು ನೋಡಿ ಬಹಳ ದಿನಗಳ ಮೇಲೆ ನಕ್ಕರು.

ಇಂಜಿನ್ ಎಂಬುದು ನನಗೆ ಅಲ್ಲಿಯವರೆಗೆ ಬರೀ ಸದ್ದು. ಅವರು ಪಾಠ ಹೇಳುವ ಹಾಗೇ ಹೇಳಿದರು. "ಕೆಳಗೊಂದು ಚಕ್ರ, ಮೇಲೊಂದು ಚಕ್ರ. ಕೆಳಗಿಂದು ಪಿಸ್ಟನ್ ಆಡ್ಸುತ್ತೆ. ಮೇಲಿಂದು ವಾಲ್ವ್ ತೆಗೆದು ಮುಚ್ಚುತ್ತೆ. ಪಿಸ್ಟನ್ ಮೇಲಕ್ಕೆ ಬರೋ ಹೊತ್ಗೆ ವಾಲ್ವ್ ದಾರಿ ಬಿಟ್ಟಿರಬೇಕು. ಅವೆರಡನ್ನೂ ಹೊಂದಿಸಿ ಇಟ್ಟಿರೋದು ಈ ರಬ್ಬರ್ ಬೆಲ್ಟು. ಹೊಂದಿಕೆ ತಪ್ಪಿದ್ರೆ ಒಂದಕ್ಕೊಂದು ಗುದ್ದುತ್ವೆ."

"ಗುದ್ದಿದ್ರೆ?"

"ಅಲ್ಲಿಗೆ ಮುಗೀತು."

ಬ್ಯಾಟರಿಯ ತಂತಿ ತೆಗೆದೆ. ಜಾಕ್ ಕೊಟ್ಟು ಬಲಗಡೆಯ ಮುಂದಿನ ಚಕ್ರ ಬಿಚ್ಚಿದೆ. ಇಂಜಿನ್ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜಾಕಿನಿಂದ ಅದನ್ನು ಹೊತ್ತು ನಿಲ್ಲಿಸಿದೆ. ಅವರು ಕೂತಲ್ಲಿಂದಲೇ ಎಡಗೈಯ ಬೆರಳು ತೋರಿಸುತ್ತ ಹೇಳಿದಂತೆ ಒಂದೊಂದೇ ಬೋಲ್ಟ್ ಬಿಚ್ಚಿ, ಅಡುಗೆಮನೆಯಿಂದ ತಂದ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬೇರೆಬೇರೆ ಹಾಕಿಟ್ಟೆ. ಇಡ್ಲಿ ತಟ್ಟೆ ನನ್ನ ಯೋಚನೆ. "ವರ್ಷ ವರ್ಷ ನಲ್ವತ್ತು ಹುಡುಗ್ರಿಗೆ ಪಾಠ ಹೇಳ್ದೆ, ಒಬ್ಬನಿಗೂ ಇದು ಹೊಳೀಲಿಲ್ಲ," ಎಂದರು. ಎಷ್ಟು ಖುಷಿಯಾಯಿತು ನನಗೆ! ಒಂದು ಗಳಿಗೆ ಇಬ್ಬರೂ ಕಾಯಿಲೆಯನ್ನು ಮರೆತಿದ್ದೆವು.

ಇಂಜಿನ್ನಿನ ಕೆಳಗಿನ ಚಕ್ರದ ನಡುವೆ ಒಂದು ದೊಡ್ಡ ಬೋಲ್ಟ್ ಇರುತ್ತದೆ. ಅದು ಬಹಳ ಬಿಗಿ. ಅದನ್ನು ಬಿಚ್ಚಲು ಹೋದರೆ ಇಂಜಿನ್ನೇ ತಿರುಗಿಬಿಡುತ್ತದೆ. ಹಾಗಾಗದಂತೆ ಗಾಡಿಯನ್ನು ಗೇರಿನಲ್ಲಿಟ್ಟು ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು.

"ಅದು ನನ್ನ ಕೆಲಸ. ಕಾಲಿಗೇನಾಗಿದೆ?" ಎಂದು ಎದ್ದರು. ಮೆಲ್ಲಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು.

ನಾನು ಚಕ್ರ ಬಿಚ್ಚಿದ ಜಾಗದಲ್ಲಿ ನೆಲಕ್ಕೆ ಕೂತು, ಬೋಲ್ಟಿಗೆ ಹಾಕಿದ ಪಾನಾದ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೊಡಿಸಿ, ಎರಡೂ ಕೈಯಿಂದ ಎಳೆದೆ. ಬೋಲ್ಟ್ ಸಡಿಲವಾಗಲಿಲ್ಲ. ನನ್ನ ಮುಖದ ಮುಂದಿದ್ದ ಬ್ರೇಕಿನ ತಟ್ಟೆ ಮೆಲ್ಲಗೆ ತಿರುಗಿತು.

"ಬ್ರೇಕ್ ಒತ್ರೀ," ಎಂದೆ.

"ಒತ್ತಿದೀನಿ. ಎಳಿ."

ಮತ್ತೆ ಎಳೆದೆ. ತಟ್ಟೆ ಮತ್ತೆ ತಿರುಗಿತು.

"ಇನ್ನೂ ಗಟ್ಟಿಯಾಗಿ ಒತ್ರೀ."

"ಇಂಜಿನ್ ಆಫ್ ಇದ್ದಾಗ ಬ್ರೇಕ್ ಬಿರುಸು ಇರುತ್ತೆ. ತಡಿ, ಇನ್ನೊಂದ್ಸಲ."

ಇನ್ನೊಂದು ಸಲವೂ ತಿರುಗಿತು. ನಾನು ಎದ್ದು ಬಾಗಿಲ ಹತ್ತಿರ ಹೋದೆ. ಸ್ಟೇರಿಂಗನ್ನು ಎದೆಗೆ ಆನಿಸಿಕೊಂಡು, ಹಲ್ಲು ಕಚ್ಚಿ, ಬಲಗಾಲನ್ನು ಪೆಡಲಿನ ಮೇಲೆ ಇಟ್ಟಿದ್ದರು. ಮಂಡಿಯಿಂದ ಕೆಳಗೆ ಕಾಲು ನಡುಗುತ್ತಿತ್ತು. ಪೆಡಲ್ ಅರ್ಧಕ್ಕೂ ಹೋಗಿರಲಿಲ್ಲ.

"ಒತ್ತಿದೀನಿ ಕಣೇ," ಎಂದರು, ಪೆಡಲ್ ಕಡೆಯೇ ನೋಡುತ್ತ. ಆಮೇಲೆ ನನ್ನ ಮುಖ ನೋಡಿದರು. "ಒತ್ತಿದೀನಿ."

ಡಾಕ್ಟರು ಕೈ ಎಂದಿದ್ದರು. ಕಾಲಿಗೆ ಬರಲು ಇನ್ನೂ ಸಮಯವಿದೆ ಎಂದು ನಾವೇ ಒಳಗೊಳಗೆ ಅಂದುಕೊಂಡಿದ್ದೆವು. ಮೊನ್ನೆ ಮೊನ್ನೆ ಅದೇ ಕಾಲಿನಲ್ಲಿ ಬೆಂಗಳೂರಿನಿಂದ ಕಾರು ಓಡಿಸಿಕೊಂಡು ಬಂದಿದ್ದರಲ್ಲ!

ಅಷ್ಟರಲ್ಲಿ ಅತ್ತೆ ಸೊಪ್ಪಿನ ಹೊರೆ ಹೊತ್ತುಕೊಂಡು ಹಿತ್ತಲ ಕಡೆಯಿಂದ ಬಂದರು. ಹೊರೆ ಇಳಿಸಿ, ಎಣ್ಣೆ ಮೆತ್ತಿದ ನನ್ನ ಕೈ, ಅಂಗಿ, ನೆಲದ ಮೇಲಿನ ಪಾನಾ, ಸೀಟಿನಲ್ಲಿ ಕೂತ ಮಗ, ಎಲ್ಲವನ್ನೂ ನೋಡಿದರು.

"ಇದೇನ್ ನಾಯನಾ? ಹೆಂಡ್ತೀನ ಮಣ್ಣಲ್ಲಿ ಕೂರ್ಸಿ ನೀನು ಮೆತ್ತೆ ಮೇಲೆ ಕೂತಿದೀಯ? ನೋಡಿದೋರು ಏನಂತಾರೆ?"

"ಅಮ್ಮಾ, ಬಾ ಇಲ್ಲಿ," ಎಂದರು ಅವರು. "ಇಲ್ಲಿ ಕೂತು ಈ ಪೆಡಲ್ ಸ್ವಲ್ಪ ತುಳಿದಿಟ್ಕೋ."

"ಅಯ್ಯೋ, ನಂಗೆ ಕಾರು ಬರುತ್ತೇನಪ್ಪಾ?"

"ಓಡ್ಸೋದಲ್ಲಮ್ಮ. ಸುಮ್ನೆ ತುಳಿದಿಟ್ಕೊಳೋದು."

"ಅಷ್ಟು ನಿನ್ ಕೈಲಾಗಲ್ವ?"

"ಆಗಲ್ಲಮ್ಮ."

ಅತ್ತೆ ನಗುತ್ತಲೇ ಕೇಳಿದ್ದರು. ಆ ನಗು ಇನ್ನೂ ಮುಖದ ಮೇಲಿತ್ತು.

"ಕೈಲೂ ಆಗಲ್ಲ, ಕಾಲಲ್ಲೂ ಆಗಲ್ಲ," ಎಂದರು ಅವರು. "ಮಾತ್ರೆಗೆ ಹೋಗೋದಲ್ಲ ಇದು. ಡಾಕ್ಟ್ರು ಅವತ್ತೇ ಹೇಳಿದ್ರು. ನಾವು ನಿಂಗೆ ಹೇಳ್ಲಿಲ್ಲ. ಇದು ಹೀಗೇ ಮೈಯೆಲ್ಲ ಬರುತ್ತಂತೆ."

"ಬಂದು?"

ಅವರು ಬಲಗಾಲನ್ನು ಪೆಡಲಿನಿಂದ ಕೆಳಗಿಳಿಸಿದರು. ಅತ್ತೆ ನನ್ನ ಕಡೆ ತಿರುಗಿದರು. ನಾನು ಎಣ್ಣೆ ಕೈಯನ್ನು ಅಂಗಿಗೆ ಒರೆಸಿಕೊಂಡೆ.

ಅತ್ತೆ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನೆಲದ ಮೇಲಿದ್ದ ಒಂದು ಸಣ್ಣ ಪಾನಾ ಎತ್ತಿಕೊಂಡು ಬಂದು, ಮಗನ ಬಲಗೈ ಬಿಡಿಸಿ, ಅಂಗೈಯಲ್ಲಿ ಅದನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದರು. ಕೈ ಬಿಟ್ಟರು. ಪಾನಾ ಕೆಳಗೆ ಬಿತ್ತು. ಬಗ್ಗಿ ಎತ್ತಿ, ಮತ್ತೆ ಅಂಗೈಯಲ್ಲಿಟ್ಟು, ಮತ್ತೆ ಬೆರಳು ಮಡಿಸಿದರು.

"ಪಟ್ಟುಕೋ ನಾಯನಾ," ಎಂದರು. ಅತ್ತೆಯ ತವರು ಚಿಂತಾಮಣಿಯ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ನಮ್ಮೊಂದಿಗೆ ಕನ್ನಡವೇ ಆಡುವವರಿಗೆ ಎದೆ ಒಡೆದಾಗ ಬರುತ್ತಿದ್ದುದು ತೆಲುಗು. ಹಿಡಿದುಕೋ ಮಗನೇ ಎಂದು ಅದರ ಅರ್ಥ. "ಪಟ್ಟುಕೋ. ಗಟ್ಟಿಗಾ ಪಟ್ಟುಕೋ. ಎಳೇ ಕೂಸಿದ್ದಾಗ ನನ್ನ ಬೆರಳು ಹಿಡಿದ್ರೆ ಬಿಡಿಸ್ಕೊಳೋಕೆ ಆಗ್ತಿರ್ಲಿಲ್ವಲ್ಲೋ. ಹಿಡ್ಕೋ ನಾಯನಾ."

ಅದು ಮತ್ತೆ ಬಿತ್ತು. ಆಗ ಅವರು ತಾಯಿಯ ಭುಜಕ್ಕೆ ಹಣೆ ಹಚ್ಚಿ ಅತ್ತರು. ಆಸ್ಪತ್ರೆಯಲ್ಲಿ ಅಳದವರು, ದಾರಿಯಲ್ಲಿ ಅಳದವರು, ನಲವತ್ತು ದಾಟಿದ ಗಂಡಸು, ಅಂಗಳದಲ್ಲಿ ಚಕ್ರವಿಲ್ಲದ ಕಾರಿನೊಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಬೇಲಿಯ ಕಡೆ ಹೋಗಿ ನಿಂತೆ. ಅದು ಅವರಿಬ್ಬರದು ಅನ್ನಿಸಿತು.

ಎಷ್ಟು ಹೊತ್ತಾಯಿತೋ. ಅತ್ತೆಯೇ ಕರೆದರು. "ಬಾಮ್ಮಾ. ಎಲ್ಲಿ ತುಳೀಬೇಕು, ತೋರ್ಸು."

ಮಗನನ್ನು ಕುರ್ಚಿಗೆ ಕೂರಿಸಿ, ಸೀರೆ ಎತ್ತಿ ಕಟ್ಟಿಕೊಂಡು ಸೀಟಿನಲ್ಲಿ ಕೂತು, ಎರಡೂ ಬರಿಗಾಲುಗಳನ್ನು ಪೆಡಲಿನ ಮೇಲಿಟ್ಟು ಬೆನ್ನನ್ನು ಸೀಟಿಗೆ ಒತ್ತಿ ತುಳಿದರು. ನಾನು ಪೈಪಿನ ಮೇಲೆ ನನ್ನ ಮೈಭಾರವನ್ನೆಲ್ಲ ಹಾಕಿದೆ. ತಟ್ಟೆ ಅಲುಗಲಿಲ್ಲ. ಟಕ್ ಎಂದು ಗುಂಡು ಹಾರಿದಂತೆ ಸದ್ದಾಗಿ ಬೋಲ್ಟ್ ಸಡಿಲವಾಯಿತು.

"ಬಂತು! ಸಾಕು ಅತ್ತೆ, ಕಾಲು ತೆಗೀರಿ."

ಅತ್ತೆ ತೆಗೆಯಲಿಲ್ಲ. ಮುಂದಿನ ಗಾಜನ್ನೇ ನೋಡುತ್ತ ತುಳಿದುಕೊಂಡೇ ಕೂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಬೋಲ್ಟ್ ಪೂರ್ತಿ ಬಿಚ್ಚಿ, ಅದರ ಹಿಂದಿನ ಮುಚ್ಚಳ ಕಳಚಿ, ಬೆಲ್ಟ್ ಕಾಣಿಸುವವರೆಗೂ ಆ ಕಾಲು ಅಲ್ಲೇ ಇತ್ತು. ಕೊನೆಗೆ ಅವರೇ ಕುರ್ಚಿಯಿಂದ ಎದ್ದು ಬಂದು ಎಡಗೈಯಿಂದ ತಾಯಿಯ ಮಂಡಿ ಮುಟ್ಟಿ, "ಆಯ್ತಮ್ಮ, ಏಳು," ಎಂದರು.

ಆಮೇಲೆ ಕೆಲಸ ಬಿಟ್ಟು ಒಳಗೆ ಹೋಗಬಹುದಿತ್ತು. ಹೋಗಿ ಏನು ಮಾಡುವುದು? ಮೂವರೂ ಒಂದೊಂದು ಗೋಡೆ ನೋಡುತ್ತ ಕೂರಬೇಕಿತ್ತು. ಅತ್ತೆ ಒಲೆ ಹಚ್ಚಿ ಮುದ್ದೆ ತಿರುವಿದರು. ಹುರುಳಿಕಾಳಿನ ಸಾರಿನಲ್ಲಿ ಉಂಡೆವು. ಅವರಿಗೆ ಅತ್ತೆಯೇ ತುತ್ತು ಮಾಡಿ ತಿನ್ನಿಸಿದರು. ಅವರೂ ಬೇಡ ಎನ್ನಲಿಲ್ಲ. ಊಟವಾದ ಮೇಲೆ ನಾನು ಮತ್ತೆ ಇಂಜಿನ್ ಮುಂದೆ ಕೂತೆ.

ಎರಡೂ ಚಕ್ರಗಳ ಮೇಲೆ ಸಣ್ಣ ಗುರುತುಗಳಿದ್ದವು. ಇಂಜಿನ್ ತಿರುಗಿಸಿ ಆ ಗುರುತುಗಳನ್ನು ಅವುಗಳ ಜಾಗಕ್ಕೆ ತಂದು ನಿಲ್ಲಿಸಿ, ಚೆನ್ನಾಗಿ ಕಾಣಲೆಂದು ನನ್ನ ಉಗುರು ಬಣ್ಣ ಹಚ್ಚಿದೆ. ಬೆಲ್ಟನ್ನು ಬಿಗಿಯಾಗಿಡುವ ಗಾಲಿಯನ್ನು ಸಡಿಲಿಸಿ ಹಳೆಯ ಬೆಲ್ಟ್ ತೆಗೆದೆ. ಅದರ ಬೆನ್ನ ಮೇಲೆ ಸಣ್ಣ ಬಿರುಕುಗಳಿದ್ದವು. ಅವರು ಅದನ್ನು ನೋಡಿ, "ಸರಿಯಾದ ಹೊತ್ತಿಗೇ ತೆಗೆದ್ವಿ," ಎಂದರು.

ಹೊಸ ಬೆಲ್ಟ್ ಹಾಕಿದೆ. ಗಾಲಿ ಬಿಗಿದೆ. ಗುರುತು ಸರಿಯಾಗಿದೆಯೇ ಎಂದು ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದರು.

"ಬೆಲ್ಟಿನ ಒಂದು ಹಲ್ಲು ಆಚೆ ಹೋಗಿದೆ."

"ಸರಿಯಾಗೇ ಇದೆಯಲ್ರೀ."

"ನೀನು ನೋಡ್ತಿರೋದು ಓರೆಯಿಂದ. ನೇರ ನಿಂತು ನೋಡು."

ನೇರ ನಿಂತು ನೋಡಿದೆ. ಒಂದು ಅಕ್ಕಿಕಾಳಿನಷ್ಟು, ಅಷ್ಟೇ ಆಚೆ. ಬೆಳಗಿನಿಂದ ತಡೆದುಕೊಂಡಿದ್ದೆಲ್ಲ ಆಗ ಉಕ್ಕಿತು. "ನನ್ ಕೈಲಾಗಲ್ಲ," ಎಂದು ಪಾನಾ ಬಿಸಾಡಿದೆ. "ಬೆಲ್ಟೂ ಬೇಡ, ಕಾರೂ ಬೇಡ. ನೀವೇ ಇಲ್ದ ಮೇಲೆ ನಂಗ್ಯಾಕ್ರೀ ಇದೆಲ್ಲ?"

ಬಾಯಿಂದ ಬಂದುಹೋಯಿತು. ಅವರು ಪಾನಾ ಬಿದ್ದ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಇನ್ನೂ ಇದೀನಲ್ಲ ಕಣೇ," ಎಂದರು. "ಇದೀನಲ್ಲ. ಬಿಚ್ಚು, ಇನ್ನೊಂದ್ಸಲ ಹಾಕು."

ಬಿಚ್ಚಿದೆ. ಮತ್ತೆ ಹಾಕಿದೆ. ಈ ಸಲ ಅವರು ತಲೆಯಾಡಿಸಿದರು. ಪಾನಾದಿಂದ ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಬೇಕು, ಎಲ್ಲಾದರೂ ತಡೆದರೆ ಒಂದು ಕೂದಲಷ್ಟೂ ಮುಂದೆ ಹೋಗಬಾರದು ಎಂದರು. ನಾನು ಮೆಲ್ಲಗೆ ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ. ಗುರುತುಗಳು ಬಂದು ತಮ್ಮ ಜಾಗದಲ್ಲೇ ನಿಂತವು. ಬಿಚ್ಚಿದ್ದನ್ನೆಲ್ಲ ತಿರುಗಿ ಹಾಕಿ ಬಿಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೀಲಿ ತಿರುಗಿಸಿದಾಗ ಇಂಜಿನ್ ಒಂದೇ ಏಟಿಗೆ ಶುರುವಾಯಿತು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ನನ್ನ ಕೈ ಹಿಡಿಯಲು ಬಂದು, ಹಿಡಿಯಲಾಗದೆ, ತಮ್ಮ ಕೈಯನ್ನು ನನ್ನ ಕೈಯ ಮೇಲೆ ಇಟ್ಟರು.

ಮುಂದಿನ ವಾರ ಅತ್ತೆ ಕೈವಾರಕ್ಕೆ ಹೋಗಬೇಕೆಂದರು. ನಾನು ಓಡಿಸಿದೆ. ಅವರು ಪಕ್ಕದಲ್ಲಿ, ಅತ್ತೆ ಹಿಂದೆ. ಎಚ್ ಕ್ರಾಸ್ ದಾಟಿ ಹೋಗುವಷ್ಟೂ ಹೊತ್ತು ಅತ್ತೆ ಹಿಂದಿನಿಂದ ಕೈ ಚಾಚಿ ಮಗನ ಭುಜ ಹಿಡಿದುಕೊಂಡಿದ್ದರು. ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಅದನ್ನು ಹತ್ತಿದ್ದೆವು. ಕೈವಾರದಲ್ಲಿ ಅತ್ತೆ ಒಬ್ಬರೇ ಗುಡಿಯೊಳಗೆ ಹೋಗಿ ಬಂದರು.

"ದೇವ್ರನ್ನ ಏನ್ ಕೇಳ್ದೆ ಅಮ್ಮಾ?" ಎಂದರು ಅವರು.

"ಏನೂ ಕೇಳ್ಲಿಲ್ಲ," ಎಂದರು ಅತ್ತೆ. "ಬೈದು ಬಂದೆ."

ಆಮೇಲಿನ ದಿನಗಳನ್ನು ವಿವರವಾಗಿ ಬರೆಯುವ ಶಕ್ತಿ ನನಗಿಲ್ಲ. ಕೋಲು ಬಂತು, ಗಾಲಿಕುರ್ಚಿ ಬಂತು. ನಾನು ಶಾಲೆಗೆ ದೀರ್ಘ ರಜೆ ಹಾಕಿದೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೂ ಬೆಂಗಳೂರಿಗೂ ಆ ಕಾರಿನಲ್ಲೇ ಓಡಾಡಿದೆವು. ಅದು ಒಂದು ದಿನವೂ ಕೈಕೊಡಲಿಲ್ಲ. ನಾಲಿಗೆ ತೊದಲತೊಡಗಿತು. ಐಟಿಐನ ಹುಡುಗರು ನೋಡಲು ಬಂದಾಗ ಅವರು ಹೇಳಿದ್ದನ್ನು ನಾನು ಬಿಡಿಸಿ ಹೇಳಬೇಕಾಗುತ್ತಿತ್ತು. ಆಮೇಲೆ ನನಗೂ ಅರ್ಥವಾಗುತ್ತಿರಲಿಲ್ಲ. ಮೈಯಲ್ಲಿ ಹೇಳಿದ ಹಾಗೆ ಕೇಳುವುದು ಕಣ್ಣೊಂದೇ ಉಳಿಯಿತು. ಹೌದು ಎನ್ನಲು ರೆಪ್ಪೆ ಮುಚ್ಚುತ್ತಿದ್ದರು. ಅಲ್ಲ ಎನ್ನಲು ಸುಮ್ಮನೆ ನೋಡುತ್ತಿದ್ದರು.

ಅವರು ಹೋಗುವುದಕ್ಕೆ ಕೆಲವು ದಿನ ಮುಂಚೆ, ಒಂದು ಮಧ್ಯಾಹ್ನ, ನನ್ನನ್ನು ಕಣ್ಣಿನಲ್ಲೇ ಹತ್ತಿರ ಕರೆದರು. ತುಟಿ ಅಲುಗಿಸಿದರು. ಗಂಟಲಿನಿಂದ ಸಣ್ಣ ಸದ್ದು ಬಂತು. ನೀರಾ ಎಂದೆ. ಅಲ್ಲ. ಮಗ್ಗುಲು ಬದಲಿಸಲಾ? ಅಲ್ಲ. ಫ್ಯಾನು? ನೋವಾ? ಅಮ್ಮನ್ನ ಕರೀಲಾ? ಅಲ್ಲ, ಅಲ್ಲ. ಮತ್ತೆ ಅದೇ ಸದ್ದು. ಅದು ಒಂದು ಪದವಲ್ಲ, ಏನೋ ಉದ್ದವಾದ ಮಾತು. ನಾನು ಅವರ ಬಾಯಿಗೆ ಕಿವಿಯಿಟ್ಟೆ. ಉಸಿರು ಮಾತ್ರ ತಾಗಿತು. ನನಗೆ ತೋಚಿದ್ದನ್ನೆಲ್ಲ ಕೇಳಿದೆ, ಕೇಳಿದ್ದನ್ನೇ ಮತ್ತೆ ಕೇಳಿದೆ. ಅವರು ಬಹಳ ಹೊತ್ತು ಪ್ರಯತ್ನಪಟ್ಟರು. ಕೊನೆಗೆ ಸುಸ್ತಾಗಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಅದನ್ನು ಇನ್ನೊಮ್ಮೆ ಹೇಳಲು ಹೋಗಲಿಲ್ಲ.

ನಾನೀಗ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಪಾಠ ಮಾಡುತ್ತಲೇ ಇರುವಾಗ ಆ ಸದ್ದು ನೆನಪಾಗಿ ನಿಂತುಬಿಡುತ್ತೇನೆ, ಮಕ್ಕಳು ಮುಖ ನೋಡುತ್ತಾರೆ. ಒಂದು ಸಂಜೆ ಹುಳುಮನೆಯ ಜಗಲಿಯಲ್ಲಿ ಕೂತಾಗ ಅತ್ತೆಗೆ ಹೇಳಿದೆ, ಅವರು ಏನು ಹೇಳಲು ಹೊರಟಿದ್ದರೋ ನನಗೆ ತಿಳಿಯಲೇ ಇಲ್ಲ ಎಂದು.

"ಊಟ ಮಾಡಿದ್ಯಾ ಅಂತ ಕೇಳಿರ್ತಾನೆ ಕಣಮ್ಮಾ," ಎಂದರು ಅತ್ತೆ. "ಇನ್ನೇನ್ ಕೇಳ್ತಾನೆ ಅವ್ನು."

ಹೌದು ಅತ್ತೆ, ಅದೇ ಇರಬೇಕು ಎಂದೆ. ಅದಲ್ಲ ಎಂದು ನನಗೆ ಗೊತ್ತು. ಅದು ಅಷ್ಟು ಚಿಕ್ಕ ಮಾತಾಗಿರಲಿಲ್ಲ.